ಲ್ಯಾಂಡ್‌ಲೈನ್ ಇಲ್ಲದ ಮನೆಗೆ ಯಾವ ನೆಟ್?

ವಿಜಯವಾಡದ ಪಟಮಟದಲ್ಲಿ ಹೊಸದಾಗಿ ಮನೆ ಮಾಡಿದ್ದೀರಾ? ಲ್ಯಾಂಡ್‌ಲೈನ್ ಇಲ್ಲ ಅಂತ ಚಿಂತೆ ಬೇಡ. ಫೋನಿನ ತಾಮ್ರದ ತಂತಿಯ ಬಾಲ ಹಿಡಿದು ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲ ಹೋಯಿತು. ಈಗ ಬರೋದು ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅಂದರೆ ಫೈಬರ್.

ಒಮ್ಮೆ ತಲೆಯೆತ್ತಿ ಕರೆಂಟ್ ಕಂಬ ನೋಡಿ. ಆಂಧ್ರ ಸರ್ಕಾರದ ಎಪಿ ಫೈಬರ್‌ನೆಟ್, ರಸ್ತೆ ಅಗೆಯುವ ಗೋಜಿಗೆ ಹೋಗದೆ, ಕಂಬದಿಂದ ಕಂಬಕ್ಕೇ ಕೇಬಲ್ ಎಳೆಯಿತು. 2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದಾಗ ಟಿವಿ, ಫೋನ್, 15 ಎಂಬಿಪಿಎಸ್ ಇಂಟರ್ನೆಟ್ ಮೂರೂ ಸೇರಿ ತಿಂಗಳಿಗೆ 149 ರೂಪಾಯಿ! ಇವತ್ತಿನ ದರ ಬೇರೆ. ಬೀದಿಯ ಕೇಬಲ್‌ನವರನ್ನೇ ಕೇಳಿ.

ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಇವೆ. ನಮ್ಮ ಬೆಂಗಳೂರಿನ ಆಕ್ಟ್ ಕೂಡ ವಿಜಯವಾಡದಲ್ಲಿದೆ. ಆದರೆ ಊರಿಗೆ ಬಂದದ್ದೆಲ್ಲ ನಿಮ್ಮ ಬೀದಿಗೆ ಬಂದಿರಬೇಕೆಂದೇನಿಲ್ಲ. ಅದಕ್ಕೇ ಜಾಹೀರಾತು ಬಿಡಿ, ಪಕ್ಕದ ಮನೆಯ ಆಂಟಿಯನ್ನು ಕೇಳಿ: “ರಾತ್ರಿ ಒಂಬತ್ತಕ್ಕೆ ನೆಟ್ ಎಲಾ ಉಂದಂಡಿ?” (ಹೇಗಿದೆ ಅಂತ.) ಎಲ್ಲರೂ ಸಿನಿಮಾ ಹಚ್ಚಿ ಕೂರುವ ಹೊತ್ತು ಅದು. ಆಗ ಓಡಿದರೆ ಅದೇ ನಿಜವಾದ ವೇಗ.

ವೇಗದ ಲೆಕ್ಕವನ್ನೂ ತಿಳಿದಿರಿ. 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 40 ಎಂಬಿ ಅಲ್ಲ, ಎಂಟರಿಂದ ಭಾಗಿಸಿ: ಬರೀ 5 ಎಂಬಿ. ಬಿಲ್ಲಿನ ಮೇಲೆ 18% ಜಿಎಸ್‌ಟಿ ಬೇರೆ.

ಕರೆಂಟ್ ಹೋದರೆ ರೌಟರ್ ಕೂಡ ಕಣ್ಣು ಮುಚ್ಚುತ್ತದೆ, ಪುಟ್ಟ ಯುಪಿಎಸ್ ಇಡಿ. ಬಾಡಿಗೆ ಮನೆಯೇ? ಮೊದಲು ಒಂದೇ ತಿಂಗಳ ದುಡ್ಡು ಕಟ್ಟಿ ನೋಡಿ. ವರ್ಷದ ಪ್ಲಾನ್ ಆಮೇಲೆ.