ಲೆಕ್ಕ ಸರಿ, ಚಿತ್ರ ತಪ್ಪು

ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಮಾಹಿತಿ ವಿನ್ಯಾಸ ಕಲಿಸುವಾಗ ನಾನು ಕೊಡುವ ಮೊದಲ ಅಭ್ಯಾಸ ಮೇಲ್ನೋಟಕ್ಕೆ ತೀರಾ ಸರಳವಾದದ್ದು: ಕೃಷ್ಣರಾಜಸಾಗರದಲ್ಲಿ ಎಷ್ಟು ನೀರಿದೆ ಎಂಬುದನ್ನು ಒಂದೇ ಚಿತ್ರದಲ್ಲಿ ತೋರಿಸಬೇಕು. ಮಳೆಗಾಲದುದ್ದಕ್ಕೂ ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳ ಕೋಷ್ಟಕ ಪತ್ರಿಕೆಗಳಲ್ಲಿ ಬರುವುದರಿಂದ ಅಂಕಿಗಳಿಗೇನೂ ಬರವಿಲ್ಲ. ಅರ್ಧ ಗಂಟೆಯ ಕೆಲಸವೆಂದೇ ಎಲ್ಲರೂ ಕೂರುತ್ತಾರೆ.

ಬಹುಪಾಲು ಮಂದಿ ಒಂದು ಲೋಟ ಬರೆಯುತ್ತಾರೆ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ನೀರು 100 ಅಡಿಯಲ್ಲಿದ್ದರೆ ಲೋಟದ ಐದರಲ್ಲಿ ನಾಲ್ಕು ಪಾಲಿಗೆ ನೀಲಿ ಬಣ್ಣ ತುಂಬುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ, ಚಿತ್ರ ಮಾತ್ರ ತಪ್ಪು. ಜಲಾಶಯವೆಂದರೆ ಲೋಟವಲ್ಲ, ಕಣಿವೆ. ತಳದಲ್ಲಿ ಕಿರಿದು, ಮೇಲೇರಿದಂತೆ ವಿಶಾಲ. ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರು ತಳದ ಒಂದು ಅಡಿಯಲ್ಲಿ ನಿಲ್ಲುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಒಟ್ಟು ಸಾಮರ್ಥ್ಯ 49.45 ಟಿಎಂಸಿ ಅಡಿ. ಮಟ್ಟ 100 ಅಡಿಗೆ ಇಳಿದಾಗ ಉಳಿಯುವುದು ಅದರ ಅರ್ಧಕ್ಕಿಂತ ಕಡಿಮೆ. ಅದರಲ್ಲೂ ತಳದ ಒಂದಿಷ್ಟು ನೀರು ಬಳಕೆಗೆ ಸಿಗುವಂಥದ್ದಲ್ಲ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್. ಹೀಗಾಗಿ ಕಣ್ಣಿನ ಈ ತಪ್ಪನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ನಾಟಿ ಮಾಡಬೇಕೋ ಬೇಡವೋ ಎಂದು ಯೋಚಿಸುವ ಮಂಡ್ಯದ ರೈತನಿಗೂ ಕಾವೇರಿಯನ್ನೇ ನಂಬಿದ ಬೆಂಗಳೂರಿನ ನಲ್ಲಿಗಳಿಗೂ ಅದು ಸಂಬಂಧಿಸಿದ್ದು. ವಿವಾದ ಕಾವೇರಿದಾಗಲಂತೂ ಒಬ್ಬರು ಅಡಿಯಲ್ಲಿ ಅಳೆದು ‘ನೀರಿದೆ’ ಎನ್ನಬಹುದು, ಮತ್ತೊಬ್ಬರು ಟಿಎಂಸಿಯಲ್ಲಿ ಅಳೆದು ‘ನೀರಿಲ್ಲ’ ಎನ್ನಬಹುದು. ಇಬ್ಬರ ಅಂಕಿಯೂ ನಿಜವೇ!

ಎರಡನೆಯ ಅಭ್ಯಾಸ ಮಳೆಯದು. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರ್ ಮೀರುತ್ತದೆ, ಬೆಂಗಳೂರಿನದು 1,000ದ ಆಸುಪಾಸು. ಬೆಂಗಳೂರಿಗೊಂದು ಹನಿ ಬರೆದು, ಆಗುಂಬೆಗೆ ಅದರ ಏಳು ಪಟ್ಟು ಎತ್ತರದ ಹನಿ ಬರೆಯುವ ಜಾಣರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಎತ್ತರದ ಜೊತೆ ಅಗಲವೂ ಏಳು ಪಟ್ಟಾಗುವುದರಿಂದ ಹನಿಯ ವಿಸ್ತಾರ 49 ಪಟ್ಟಾಗಿಬಿಡುತ್ತದೆ. ವಿಯೆನ್ನಾದಲ್ಲಿ 1925ರಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯ ಕಟ್ಟಿದ ಒಟ್ಟೊ ನ್ಯೂರಾತ್ ಇದಕ್ಕೆ ಸುಲಭದ ಪರಿಹಾರ ಕೊಟ್ಟಿದ್ದರು: ಪ್ರಮಾಣ ಹೆಚ್ಚಾದರೆ ಚಿಹ್ನೆಯನ್ನು ಹಿಗ್ಗಿಸಬೇಡಿ, ಅದೇ ಅಳತೆಯ ಚಿಹ್ನೆಗಳ ಸಂಖ್ಯೆಯನ್ನು ಹೆಚ್ಚಿಸಿ. ಒಂದು ಹನಿಯ ಪಕ್ಕದಲ್ಲಿ ಏಳು ಹನಿ. ಅಷ್ಟೇ. ಬಜೆಟ್ಟಿನ ಮರುದಿನ ರೂಪಾಯಿ ನಾಣ್ಯವನ್ನು ವಾಲಿಸಿ ಹೋಳು ಮಾಡಿ ತೋರಿಸುವ ನಮ್ಮ ಪತ್ರಿಕೆಗಳಿಗೂ ಈ ಪಾಠ ಬೇಕಾಗಿದೆ. ವಾಲಿದ ನಾಣ್ಯದಲ್ಲಿ ಮುಂದಿನ ಹೋಳು ಯಾವಾಗಲೂ ತನ್ನ ಯೋಗ್ಯತೆಗಿಂತ ದೊಡ್ಡದಾಗಿ ಕಾಣುತ್ತದೆ.

ಆದರೆ ಅಳತೆಯ ಪ್ರಾಮಾಣಿಕತೆಯೊಂದೇ ಸಾಲದು. ಚಿತ್ರಕ್ಕೂ ಮೊದಲು ಪ್ರಶ್ನೆ ಹುಟ್ಟಬೇಕು. 1854ರ ಲಂಡನ್ ಕಾಲರಾದಲ್ಲಿ ಸತ್ತವರ ಪಟ್ಟಿ ಇದ್ದೇ ಇತ್ತು. ಸತ್ತವರು ಎಲ್ಲಿ ವಾಸವಾಗಿದ್ದರು, ಯಾವ ನೀರು ಕುಡಿದರು ಎಂದು ಕೇಳಿದವರು ವೈದ್ಯ ಜಾನ್ ಸ್ನೋ. ಮನೆಮನೆಯ ಸಾವನ್ನು ನಕ್ಷೆಯ ಮೇಲೆ ಗುರುತಿಸಿದಾಗ ಕಪ್ಪು ಗೆರೆಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಒತ್ತಾಗಿ ನಿಂತವು. ಪಂಪಿನ ಹಿಡಿಕೆಯನ್ನು ಕಳಚಿದ ಬಳಿಕವೇ ಆ ನಕ್ಷೆ ಅಚ್ಚಾಯಿತು ಎಂಬುದು, ಕತೆ ಹೇಳುವ ಉತ್ಸಾಹದಲ್ಲಿ ಅನೇಕರು ಮರೆಯುವ ವಿವರ.

ಈ ಕಾರಣಕ್ಕಾಗಿಯೇ, ಬರೆದ ಚಿತ್ರವನ್ನು ತರಗತಿಯ ಹೊರಗಿನ ಒಬ್ಬರಿಗೆ ತೋರಿಸಿ ಬರುವುದನ್ನು ನಾನು ಕಡ್ಡಾಯಗೊಳಿಸಿದ್ದೇನೆ. ಕಾಲುವೆ ಬಯಲಿನ ಊರಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು, ಲೋಟ ಬಿಟ್ಟು ಕಣಿವೆಯಾಕಾರದಲ್ಲಿ ತಿದ್ದಿದ ಜಲಾಶಯದ ಚಿತ್ರವನ್ನು ತನ್ನ ತಂದೆಯ ಮುಂದಿಟ್ಟಳು. ಅವರು ಚಿತ್ರವನ್ನು ಮೆಚ್ಚಲೂ ಇಲ್ಲ, ತೆಗಳಲೂ ಇಲ್ಲ. ‘ಇದು ಎಷ್ಟು ದಿನಕ್ಕೆ ಬರುತ್ತದೆ?’ ಎಂದರಂತೆ. ಅಡಿಯೂ ಅಲ್ಲ, ಟಿಎಂಸಿಯೂ ಅಲ್ಲ, ದಿನ. ಅವಳು ಮತ್ತೆ ಕುಳಿತಳು. ಕಾಲುವೆಗೆ ಎಷ್ಟು, ಕುಡಿಯಲು ಎಷ್ಟು, ಗಡಿಯಾಚೆಗೆ ಎಷ್ಟು, ಕೊಡಗಿನಲ್ಲಿ ಮಳೆ ಎಷ್ಟು ಎಂಬುದರ ಮೇಲೆ ಉತ್ತರ ಬದಲಾಗುತ್ತಿದ್ದುದರಿಂದ ಒಂದೇ ಗೆರೆ ಎಳೆಯುವುದು ಸಾಧ್ಯವಾಗಲಿಲ್ಲ. ಕೊನೆಗೆ ಮೂರು ಗೆರೆ ಎಳೆದು, ಪ್ರತಿಯೊಂದರ ಪಕ್ಕದಲ್ಲೂ ಅದು ಯಾವ ಊಹೆಯ ಮೇಲೆ ನಿಂತಿದೆ ಎಂದು ಬರೆದಳು. ನೀಲಿ ಬಣ್ಣ ಎಲ್ಲಿಯೂ ಇರಲಿಲ್ಲ.