ಶಾಲು ಪರ್ಸೆಂಟಿಗೆ, ಕೈ ತೊಳೆಸಿದವರಿಗೆ ಏನು?

ಸೆಪ್ಟೆಂಬರ್ 5 ಬಂತೆಂದರೆ ಜಿಲ್ಲಾ ಕೇಂದ್ರಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿಗಳ ಭರಾಟೆ. ಉತ್ತಮ ಶಿಕ್ಷಕರ ಗುಣಗಾನ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಪರ್ಸೆಂಟಿನಿಂದಲೇ ಶುರು. ತಪ್ಪೇನಿಲ್ಲ.

ಆದರೆ ಅದೇ ಶಾಲೆಯಲ್ಲಿ ಇನ್ನೊಬ್ಬರಿರುತ್ತಾರೆ. ಬಿಸಿಯೂಟದ ಬೆಲ್ಲು ಹೊಡೆದೊಡನೆ ನಲ್ಲಿ ಹತ್ತಿರ ನಿಂತು, "ಲೇ, ಸೋಪು ಹಚ್ಚೋ, ಉಗುರು ತೋರಿಸು" ಎಂದು ಗದರುವವರು. ಮಕ್ಕಳಿಗೆ ಬಡಿಸುವ ಮೊದಲು ಸಾಂಬಾರಿನ ರುಚಿ ನೋಡುವವರು. ತಿಂಗಳ ಆ ಮೂರು ದಿನ ಶಾಲೆ ತಪ್ಪಿಸುವ ಹುಡುಗಿಯನ್ನು ಪಕ್ಕಕ್ಕೆ ಕರೆದು ಧೈರ್ಯ ಹೇಳುವವರು.

ಇವರಿಗೆ ಸರ್ಕಾರಿ ಹೆಸರೂ ಉಂಟು. 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಪ್ರತಿ ಶಾಲೆಗೆ ಇಬ್ಬರು 'ಆರೋಗ್ಯ ರಾಯಭಾರಿ' ಶಿಕ್ಷಕರು, ಆದಷ್ಟೂ ಒಬ್ಬ ಮೇಷ್ಟ್ರು, ಒಬ್ಬ ಟೀಚರಮ್ಮ. ವಾರಕ್ಕೊಂದು ಗಂಟೆ ಪಾಠ. ವಿಷಯ 11: ಆಹಾರ, ಶುಚಿತ್ವ, ಮನಸ್ಸಿನ ನೆಮ್ಮದಿ, ದುಶ್ಚಟ, ಇಂಟರ್‌ನೆಟ್ಟಿನ ಎಚ್ಚರ ಇತ್ಯಾದಿ. ಪಟ್ಟವೇನೋ ರಾಯಭಾರಿಯದು, ಕೆಲಸ ಮಾತ್ರ ಮಾಮೂಲಿ ಪಾಠದ ಮೇಲೆ ಹೆಚ್ಚುವರಿ.

2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಮಾತ್ರೆ ತಿಂದರೆ ಏನಾಗುತ್ತೋ ಎಂದು ಹೆದರುವ ತಾಯಂದಿರಿಗೆ ಸಮಾಧಾನ ಹೇಳುವುದೂ ಇವರೇ. ಕೊಕ್ಕೆಹುಳು ಕರುಳಿಗೆ ಕಚ್ಚಿ ರಕ್ತ ಹೀರುತ್ತೆ. ರಕ್ತ ಕಮ್ಮಿಯಾದ ಮಗು ಬೆಂಚಿನ ಮೇಲೆ ತೂಕಡಿಸುತ್ತೆ. ತೂಕಡಿಸುವ ಮಗುವಿಗೆ ಲೆಕ್ಕ ಹೇಗೆ ಹತ್ತೀತು? ಪರ್ಸೆಂಟಿನ ಬೇರು ಇಲ್ಲೇ ಇದೆ ಸ್ವಾಮಿ!

ಪ್ರಶಸ್ತಿಗೆ ಪುರಾವೆ ಬೇಕು. ರಾಷ್ಟ್ರ ಪ್ರಶಸ್ತಿಗೆ 2018ರಿಂದ ಶಿಕ್ಷಕರೇ ನೇರ ಅರ್ಜಿ ಹಾಕಬಹುದು. ಗೆದ್ದವರಿಗೆ 50,000 ರೂಪಾಯಿ, ಬೆಳ್ಳಿ ಪದಕ. ಆದರೆ ದಾಖಲೆ, ಫೋಟೋ ಜೋಡಿಸಿ ಕಳಿಸಬೇಕು. ವಾಂತಿಭೇದಿ ಆಗದೇ ಇದ್ದ ಮಗುವಿನ ಫೋಟೋ ಎಲ್ಲಿಂದ ತರೋದು?

ಪುರಾವೆ ಬೇಕೆಂದರೆ ಹಾಜರಿ ಪುಸ್ತಕ ತೆಗೆದು ನೋಡಲಿ. ಜ್ವರ, ಹೊಟ್ಟೆನೋವಿನ ಗೈರು ಎಷ್ಟು ಇಳಿದಿದೆ, ಎಂಟನೇ ಕ್ಲಾಸಿನ ಹುಡುಗಿಯರು ತಿಂಗಳು ಪೂರ್ತಿ ಬರ್ತಾರೋ ಇಲ್ವೋ, ಅದರಲ್ಲೇ ಗೊತ್ತಾಗುತ್ತೆ. ಜಿಲ್ಲೆ, ತಾಲ್ಲೂಕು ಪ್ರಶಸ್ತಿ ಕೊಡುವವರು ಒಂದು ಶಾಲನ್ನಾದರೂ ಈ ಲೆಕ್ಕಕ್ಕೆ ತೆಗೆದಿಟ್ಟರೆ ನಷ್ಟವೇನು?

ಅಂಗಡಿಯವರ ಪಾಲೂ ಇದರಲ್ಲಿದೆ. ಕ್ಲಾಸಿನೊಳಗೆ ಟೀಚರಮ್ಮ "ತಂಬಾಕು ಮುಟ್ಟಬೇಡಿ" ಅಂತಾರೆ. ಗೇಟಿನೆದುರಿನ ಗೂಡಂಗಡಿಯಲ್ಲಿ ಪೊಟ್ಟಣಗಳ ತೋರಣ! 2003ರ ಕಾಯ್ದೆ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ಎಲ್ಲೂ ಮಾರುವಂತಿಲ್ಲ. ಕೇಳಲು ಹೋದವರಿಗೆ ಸಿಗುವ ಉತ್ತರ, "ಹೊಟ್ಟೆಪಾಡು ಮೇಡಂ." ಅವರು ಸುಮ್ಮನೆ ವಾಪಸ್ಸಾಗಿ, ಮಾರನೆಯ ದಿನ ಅದೇ ಪಾಠ ಮತ್ತೆ ಮಾಡಬೇಕು.

ಶಾಲು, ಹಾರ ಕೊಡುವುದು ಸರ್ಕಾರಕ್ಕೆ ಬಿಟ್ಟಿದ್ದು. ಆ ತೋರಣ ಇಳಿಸುವುದಕ್ಕೆ ಯಾವ ಆಯ್ಕೆ ಸಮಿತಿಯೂ ಬೇಕಿಲ್ಲ. ಸೆಪ್ಟೆಂಬರ್ 5ರವರೆಗೆ ಕಾಯಲೂ ಬೇಕಿಲ್ಲ.