ಆ ಯಾಜಕ ತಿರುಗಿ ಬಂದನೇ?

ಡಿಸೆಂಬರ್‌ನ ಒಂದು ಶನಿವಾರ ಸಂಜೆ. ಹುಬ್ಬಳ್ಳಿಯಲ್ಲಿ ಕಾಲೇಜು ಮುಗಿಸಿ ಸ್ಕೂಟರ್‌ನಲ್ಲಿ ಧಾರವಾಡಕ್ಕೆ ಹೊರಟಿದ್ದೆ. ಆರು ಗಂಟೆಗೆ ಚರ್ಚ್‌ನಲ್ಲಿ ಕ್ರಿಸ್ಮಸ್ ಹಾಡುಗಳ ಅಭ್ಯಾಸ. ಒಂದು ಹಾಡಿನಲ್ಲಿ ನಾನೊಬ್ಬನೇ ಹಾಡುವ ಸಾಲುಗಳಿದ್ದವು. ತಡವಾದರೆ ಅವು ಬೇರೆಯವರ ಪಾಲಾಗುತ್ತವೆಂಬ ಚಿಂತೆ.

ನವಲೂರಿನ ಹತ್ತಿರ ರಸ್ತೆ ತುಂಬ ಪೇರಲ ಹಣ್ಣು ಬಿದ್ದಿದ್ದವು. ಪಕ್ಕದಲ್ಲಿ ಸೈಕಲ್, ಮಗುಚಿದ ಬುಟ್ಟಿ, ಅದರಾಚೆ ಒಬ್ಬ ಅಜ್ಜ. ಕಾಲು ನೋಡಲಾಗದಂತೆ ಮಡಚಿಕೊಂಡಿತ್ತು. ಗುದ್ದಿದ ಗಾಡಿ ಅಲ್ಲಿರಲಿಲ್ಲ. ನಾಲ್ಕೈದು ಮಂದಿ ದೂರ ನಿಂತಿದ್ದರು, ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ.

ಸ್ಕೂಟರ್ ನಿಧಾನ ಮಾಡಿದೆ. ಆ ಒಂದು ಕ್ಷಣದಲ್ಲಿ ಮನಸ್ಸು ಎಷ್ಟೆಲ್ಲ ಲೆಕ್ಕ ಹಾಕಿತು! ನಾನೇ ಗುದ್ದಿದ್ದು ಅಂತ ಪೊಲೀಸರು ಹಿಡಿದರೆ? ಅಪ್ಪ ಸಾಲ ಮಾಡಿ ಕೊಡಿಸಿದ ಗಾಡಿ ಠಾಣೆಯಲ್ಲಿ ಕೊಳೆತರೆ? ಹೊಸ ಸೀಟಿಗೆ ರಕ್ತ ಮೆತ್ತಿದರೆ? ಇಷ್ಟು ಜನ ಇದ್ದಾರಲ್ಲ, ಯಾರಾದರೂ ನೋಡಿಕೊಳ್ಳುತ್ತಾರೆ. ಹಣ್ಣುಗಳು ಚಕ್ರಕ್ಕೆ ಸಿಗದಂತೆ ಜೋಪಾನವಾಗಿ ಹ್ಯಾಂಡಲ್ ತಿರುಗಿಸಿ ಮುಂದೆ ಹೋದೆ. ಹೌದು, ಹಣ್ಣು ತುಳಿಯಲಿಲ್ಲ. ಮನುಷ್ಯನನ್ನು ದಾಟಿ ಹೋದೆ.

ಆರಕ್ಕೆ ಐದು ನಿಮಿಷ ಇರುವಾಗಲೇ ಚರ್ಚ್ ಮುಟ್ಟಿದೆ. ದೇವರ ಪ್ರೀತಿಯ ಬಗ್ಗೆ ಹಾಡಿದೆ. ಚೆನ್ನಾಗಿ ಹಾಡಿದೆ ಎಂದು ಎಲ್ಲರೂ ಹೊಗಳಿದರು.

ಮರುದಿನ ಸಂಡೇ ಸ್ಕೂಲ್‌ನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಸರದಿ ನನ್ನದು. ಪಾಠಗಳ ಪಟ್ಟಿಯನ್ನು ತಿಂಗಳುಗಳ ಹಿಂದೆಯೇ ಮಾಡಿದ್ದರು. ಆದರೂ ಅವತ್ತಿನ ಪಾಠ ನನ್ನನ್ನು ಹಿಡಿಯಲೆಂದೇ ಇಟ್ಟಂತಿತ್ತು: ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯ, ಒಳ್ಳೆಯ ಸಮಾರ್ಯದವನ ಕಥೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬಿಸಾಡುತ್ತಾರೆ. ಯಾಜಕ ನೋಡಿ ದಾಟಿ ಹೋಗುತ್ತಾನೆ, ಲೇವಿಯನೂ ಹೋಗುತ್ತಾನೆ. ಯೆಹೂದ್ಯರಿಗೆ ಆಗದ ಜನರ ಪೈಕಿಯವನಾದ ಸಮಾರ್ಯದವನು ನಿಲ್ಲುತ್ತಾನೆ. ಗಾಯ ಕಟ್ಟಿ, ತನ್ನ ವಾಹನದ ಮೇಲೇ ಕೂರಿಸಿಕೊಂಡು ಛತ್ರಕ್ಕೆ ಒಯ್ಯುತ್ತಾನೆ, ಖರ್ಚಿಗೆ ದುಡ್ಡೂ ಕೊಡುತ್ತಾನೆ.

ಕಥೆ ಮುಗಿಸಿದಾಗ ಮುಂದಿನ ಸಾಲಿನ ಪುಟ್ಟ ಹುಡುಗಿ ಕೇಳಿದಳು: "ಅಣ್ಣಾ, ಆ ಯಾಜಕ ಆಮ್ಯಾಲೆ ತಿರುಗಿ ಬಂದು ನೋಡಿದ್ನೇನು?"

ಬೈಬಲ್‌ನಲ್ಲಿ ಆ ಮಾತಿಲ್ಲ. ನನ್ನ ಬಾಯಲ್ಲೂ ಮಾತು ಬರಲಿಲ್ಲ.

ಚರ್ಚ್‌ನಿಂದ ನೇರ ನವಲೂರಿಗೆ ಹೋದೆ. ಹಣ್ಣು ಮಾರುವ ಅಮ್ಮಂದಿರನ್ನು ವಿಚಾರಿಸಿದೆ. ಅರ್ಧ ತಾಸಿನ ನಂತರ ಒಬ್ಬ ಆಟೊದವರು ಅಜ್ಜನನ್ನು ಎತ್ತಿ ಹಾಕಿಕೊಂಡು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದರಂತೆ. ಅಲ್ಲಿ ಹೋದಾಗ ಆ ಚಾಚಾ ವಾರ್ಡಿನ ಹೊರಗೇ ಇದ್ದರು. ಅಜ್ಜಿಗೆ ಚಹಾ ತಂದುಕೊಡುತ್ತಿದ್ದರು. ಅಂಗಳದಲ್ಲಿ ನಿಂತಿದ್ದ ಅವರ ಆಟೊದ ಗಾಜಿನ ಮೇಲೆ 786 ಎಂದು ಬರೆದಿತ್ತು. ಬೆಳಿಗ್ಗೆ ಹೇಳಿಕೊಟ್ಟ ಪಾಠ ನನಗೆ ಆಗ ಅರ್ಥವಾಯಿತು.

ಅಜ್ಜನ ತೊಡೆಯ ಮೂಳೆ ಮುರಿದಿತ್ತು. ಮರುದಿನ ಆಪರೇಷನ್, ರಕ್ತ ಬೇಕಿತ್ತು. ಗೋವಾದಲ್ಲಿ ಗಾರೆ ಕೆಲಸಕ್ಕಿದ್ದ ಮಗ ಇನ್ನೂ ದಾರಿಯಲ್ಲಿದ್ದ. ಯಾವ ಗುಂಪಾದರೂ ಸರಿ, ಬದಲಿಗೆ ಯಾರಾದರೂ ರಕ್ತ ಕೊಟ್ಟರಾಯಿತು ಎಂದರು ರಕ್ತನಿಧಿಯವರು. ಕಾಲೇಜಿನ ಶಿಬಿರದಲ್ಲಿ ಸೂಜಿಗೆ ಹೆದರಿ ಎರಡು ಸಲ ತಪ್ಪಿಸಿಕೊಂಡಿದ್ದ ನಾನು ಹೋಗಿ ಮಲಗಿದೆ. 350 ಮಿಲಿಲೀಟರ್. ಹತ್ತು ನಿಮಿಷದ ಕೆಲಸ.

ಅಜ್ಜಿ ಕೈ ಮುಗಿಯಲು ಬಂದಾಗ ತಡೆಯಲಾಗಲಿಲ್ಲ. "ನಿನ್ನೆ ನಾನೂ ಅಲ್ಲೇ ಹಾದು ಹೋದೆ ಅಜ್ಜಿ, ನಿಲ್ಲಲಿಲ್ಲ" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಂತಿದ್ರ ಅರ್ಧಾ ತಾಸ ಮೊದಲ ದವಾಖಾನಿ ಸಿಗ್ತಿತ್ತಪಾ" ಎಂದರು. ಮತ್ತೆ ಸುಮ್ಮನಾಗಿ, ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. "ಕುಂದರು. ರಕ್ತಾ ಕೊಟ್ಟೀದಿ, ಏನರ ತಿಂದಿ?"

ಆ ಮೊದಲ ಮಾತು ಈಗಲೂ ಚುಚ್ಚುತ್ತದೆ. ಚುಚ್ಚಲಿ.

ಕೇಸಿನ ಭಯ ನಿಜವೇ ಎಂದು ಆಮೇಲೆ ಓದಿ ನೋಡಿದೆ. ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾಗುವವರ ರಕ್ಷಣೆಗಾಗಿ ರೂಪಿಸಿದ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಒಪ್ಪಿಗೆ ನೀಡಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಕಾಯ್ದೆಯ ಇಂಗ್ಲಿಷ್ ಪ್ರತಿಯಲ್ಲಿ ಅಂಥವರಿಗೆ ಇಟ್ಟಿರುವ ಹೆಸರೇ 'ಗುಡ್ ಸಮಾರಿಟನ್'. ಕಥೆ ಕಲಿಸುವ ನನಗೇ ಅದು ಗೊತ್ತಿರಲಿಲ್ಲ. ಆದರೆ ಒಂದು ನಿಜ ಹೇಳಬೇಕು. ಕಾನೂನು ಗೊತ್ತಿದ್ದರೂ ಅವತ್ತು ನಿಲ್ಲುತ್ತಿರಲಿಲ್ಲವೇನೋ. ಪೊಲೀಸರ ಭಯ ಅರ್ಧ ಕಾರಣ. ಇನ್ನರ್ಧ ಆ ಸೀಟು, ಆ ಹಾಡು, 'ನಾನು'.

ಕಥೆಯಲ್ಲಿ ಧರ್ಮಶಾಸ್ತ್ರಿಯೊಬ್ಬ ಯೇಸುವನ್ನು ಕೇಳುವುದು, ನನ್ನ ನೆರೆಯವನು ಯಾರು ಎಂದು. ಯೇಸು ಆ ಪ್ರಶ್ನೆಯನ್ನೇ ತಿರುಗಿಸುತ್ತಾನೆ: ಬಿದ್ದವನಿಗೆ ನೆರೆಯವನಾದವನು ಯಾರು? ಇಷ್ಟು ವರ್ಷ ನಾನು ಮೊದಲ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತಿದ್ದೆ. ನಮ್ಮ ಮನೆಯವರು, ನಮ್ಮ ಗೆಳೆಯರು, ನಮ್ಮ ಚರ್ಚ್‌ನವರು ಎಂದು ಗೆರೆ ಎಳೆದುಕೊಂಡು ಒಳಗೆ ಆರಾಮವಾಗಿದ್ದೆ.

ಈ ಮಳೆಗಾಲದಲ್ಲಿ ಅದೇ ರಸ್ತೆಯಲ್ಲಿ ಹುಡುಗಿಯೊಬ್ಬಳು ಸ್ಕೂಟಿ ಜಾರಿ ಬಿದ್ದಿದ್ದಳು. ನಿಂತೆ. ಕೈ ನಡುಗುತ್ತಲೇ ಇತ್ತು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಅವಳ ತಲೆಗೆ ನನ್ನ ಕರವಸ್ತ್ರ ಒತ್ತಿ ಹಿಡಿದು ಕೂತೆ. ಪರೀಕ್ಷೆಗೆ ಇಪ್ಪತ್ತು ನಿಮಿಷ ತಡವಾಯಿತು. ಯಾವ ಕೇಸೂ ಆಗಲಿಲ್ಲ.

ಆ ಪುಟ್ಟ ಹುಡುಗಿಗೆ ಉತ್ತರ ಕೊಡುವುದು ಬಾಕಿ ಇತ್ತು. ಮುಂದಿನ ಭಾನುವಾರ ಹೇಳಿದೆ: "ಯಾಜಕ ತಿರುಗಿ ಬಂದನೋ ಇಲ್ಲವೋ ಗೊತ್ತಿಲ್ಲ ಪುಟ್ಟಿ. ಬರಬಹುದಿತ್ತು. ತಡ ಆಗಿದ್ದರೂ ಬರಬಹುದಿತ್ತು."